ಸ್ಟೋಕ್ ಬ್ರೂಯರ್ನ್: ನೀರನ್ನು ಎಣಿಸಿ ಖರ್ಚು ಮಾಡಿದ ಊರು, ಅದರ ಕಾಲುವೆ ಸಂಗ್ರಹಾಲಯ

ಕಾಲುವೆ ಎಂದೊಡನೆ ಮಂಡ್ಯ ಸೀಮೆಯವನಾದ ನನಗೆ ನೆನಪಾಗುವುದು ಗದ್ದೆ, ತೂಬು, ಸರದಿಯ ನೀರಿಗಾಗಿ ನಡುರಾತ್ರಿಯಲ್ಲಿ ಬ್ಯಾಟರಿ ಹಿಡಿದು ಏರಿಯ ಮೇಲೆ ಕಾಯುವ ರೈತ, ಮತ್ತು ಆ ರೈತನ ಬೈಗುಳಕ್ಕೂ ಕಚೇರಿಯ ಸುತ್ತೋಲೆಗೂ ನಡುವೆ ಸಿಕ್ಕಿಕೊಂಡ ನೀರಗಂಟಿ. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ನೋಡಿಕೊಂಡು ಬಂದವನಿಗೆ, ಒಂದು ಗುಂಟೆ ಹೊಲಕ್ಕೂ ನೀರು ಬಿಡದ ಕಾಲುವೆಯೊಂದು ಇರಬಹುದೆಂಬುದು ಓದಿ ಗೊತ್ತಿತ್ತೇ ಹೊರತು ಮನಸ್ಸಿಗೆ ಹತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ಸ್ಟೋಕ್ ಬ್ರೂಯರ್ನ್ ಎಂಬ ಪುಟ್ಟ ಊರಿಗೆ ಒಂದಲ್ಲ, ಮೂರು ಸಲ ಹೋಗಿಬಂದೆ. ಮೊದಲ ಸಲ ಮಗಳ ಒತ್ತಾಯಕ್ಕೆ. ಉಳಿದೆರಡು ಸಲ ನನ್ನ ಒತ್ತಾಯಕ್ಕೆ.

ನಾರ್ಥಾಂಪ್ಟನ್‌ಶೈರ್‌ನ ಈ ಊರನ್ನು ಒಂದು ಸುತ್ತು ಹಾಕಲು ಕಾಲು ಗಂಟೆ ಸಾಕು. ದಿಬ್ಬದ ಮೇಲೊಂದು ಹಳೆಯ ಚರ್ಚು, ಹುಲ್ಲುಮಾಡಿನ ಕೆಲವು ಮನೆಗಳು, ನೀರಿನ ಅಂಚಿಗೇ ಒತ್ತಿ ನಿಂತ ಎರಡು ಪಾನಗೃಹಗಳು, ಅಲ್ಲೇ ದಡದಲ್ಲಿ ಕಲ್ಲುಕಟ್ಟಡದ ಹಳೆಯ ಹಿಟ್ಟಿನ ಗಿರಣಿ. ಆ ಗಿರಣಿಯೇ ಇಂದಿನ ಕಾಲುವೆ ಸಂಗ್ರಹಾಲಯ. ಊರನ್ನು ಎರಡಾಗಿ ಸೀಳಿಕೊಂಡು ಹೋಗುವುದು ಗ್ರ್ಯಾಂಡ್ ಯೂನಿಯನ್ ಕಾಲುವೆ. 1929ಕ್ಕೆ ಮೊದಲು ಇದರ ಹೆಸರು ಗ್ರ್ಯಾಂಡ್ ಜಂಕ್ಷನ್. ಲಂಡನ್ನಿನ ಪಶ್ಚಿಮಕ್ಕೆ ಬ್ರೆಂಟ್‌ಫೋರ್ಡ್ ಎಂಬಲ್ಲಿ ಥೇಮ್ಸ್ ನದಿಯನ್ನು ಸೇರುವ ಈ ಜಲಮಾರ್ಗ, ಉತ್ತರದಲ್ಲಿ ಬ್ರಾನ್‌ಸ್ಟನ್ನಿನವರೆಗೆ ಹೋಗಿ, ಅಲ್ಲಿಂದ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ಕಡೆಯ ಕಾಲುವೆಗಳಿಗೆ ಕೂಡಿಕೊಳ್ಳುತ್ತದೆ. ಇದನ್ನು ತೋಡಲು ಪಾರ್ಲಿಮೆಂಟು 1793ರಲ್ಲಿ ಕಾಯ್ದೆ ಮಾಡಿಕೊಟ್ಟಿತು; ಮುಖ್ಯ ಎಂಜಿನಿಯರ್ ವಿಲಿಯಂ ಜೆಸಪ್, ಸ್ಥಳದಲ್ಲೇ ನಿಂತು ಕೆಲಸ ನಡೆಸಿದವನು ಜೇಮ್ಸ್ ಬಾರ್ನ್ಸ್.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಾರು ನಿಲ್ಲಿಸಿ ನೇರವಾಗಿ ಸಂಗ್ರಹಾಲಯದ ಬಾಗಿಲಿಗೆ ಹೋಗುತ್ತಾರೆ. ನಾವೂ ಮೊದಲ ಸಲ ಹಾಗೆಯೇ ಮಾಡಿ, ಗಾಜಿನ ಹಿಂದಿನ ವಸ್ತುಗಳನ್ನು ನೋಡಿ, ಚೆನ್ನಾಗಿದೆ ಎಂದುಕೊಂಡು ಹೊರಬಿದ್ದೆವು. ಎರಡನೆಯ ಸಲ ಕ್ರಮವನ್ನು ತಿರುವು ಮಾಡಿದೆ: ಮೊದಲು ಸುರಂಗ, ಆಮೇಲೆ ದೋಣಿಗಳನ್ನು ಏರಿಳಿಸುವ ಲಾಕ್‌ಗಳು, ಕೊನೆಗೆ ಸಂಗ್ರಹಾಲಯ. ಮೊದಲ ಸಲ ನನಗೆ ಬರೀ ಹಿತ್ತಾಳೆ, ಬರೀ ಬಣ್ಣ ಎಂದು ಕಂಡಿದ್ದ ವಸ್ತುಗಳೆಲ್ಲ ಆ ದಿನ ಬಾಯಿ ಬಿಟ್ಟು ಮಾತಾಡಿದವು. ಈ ಊರಿನಲ್ಲಿ ನಿಜವಾದ ಪ್ರದರ್ಶನ ಹೊರಗಿದೆ. ಗಿರಣಿಯೊಳಗೆ ಇರುವುದು ಅದರ ಟಿಪ್ಪಣಿ. ಟಿಪ್ಪಣಿಯನ್ನು ಮೂಲಕ್ಕಿಂತ ಮೊದಲು ಓದಬಾರದೆಂಬುದೇ ನನ್ನ ಮುಖ್ಯ ಸಲಹೆ.

ಸಂಗ್ರಹಾಲಯದಿಂದ ಉತ್ತರಕ್ಕೆ, ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ಹಾದಿಯಲ್ಲೇ ಹದಿನೈದು ನಿಮಿಷ ನಡೆದರೆ ಬ್ಲಿಸ್‌ವರ್ತ್ ಸುರಂಗದ ಬಾಯಿ ಸಿಗುತ್ತದೆ. ಎರಡು ಬದಿಯಲ್ಲೂ ಮರಗಳು ಬಾಗಿ, ನೀರು ಕಪ್ಪಾಗಿ, ಗಾಳಿ ತಣ್ಣಗಾಗಿ, ಹಾದಿ ಇದ್ದಕ್ಕಿದ್ದಂತೆ ಬಲಕ್ಕೂ ಇಲ್ಲ ಎಡಕ್ಕೂ ಇಲ್ಲ ಎಂಬಂತೆ ಮುಗಿದು, ಎದುರಿಗೆ ಇಟ್ಟಿಗೆಯ ಕಮಾನೊಂದು ಗುಡ್ಡದೊಳಕ್ಕೆ ಬಾಯಿ ತೆರೆದುಕೊಂಡಿರುತ್ತದೆ. ಉದ್ದ 3,076 ಗಜ, ಅಂದರೆ 2,813 ಮೀಟರ್. ಒಳಗೆ ಎರಡು ದೋಣಿಗಳು ಎದುರುಬದುರಾಗಿ ಹಾಯ್ದುಹೋಗುವಷ್ಟು ಅಗಲವಿದೆ, ಆದರೆ ನಡೆದಾಡಲು ಒಂದು ಗೇಣು ಜಾಗವೂ ಇಲ್ಲ.

ಇದನ್ನು ಕೊರೆದ ಕಥೆ ಎಂಜಿನಿಯರುಗಳ ಹೊಟ್ಟೆ ತೊಳಸುವಂಥದ್ದು. 1793ರಲ್ಲಿ ಆರಂಭವಾದ ಮೊದಲ ಪ್ರಯತ್ನ ಅಂತರ್ಜಲ ನುಗ್ಗಿ 1796ರಲ್ಲಿ ಕೈಬಿಟ್ಟುಹೋಯಿತು. 1800ರ ಹೊತ್ತಿಗೆ ಕಾಲುವೆಯ ಉಳಿದ ಭಾಗವೆಲ್ಲ ಸಿದ್ಧವಾಗಿ ನಿಂತಿದೆ; ನಡುವೆ ಈ ಒಂದು ಗುಡ್ಡ ಮಾತ್ರ ಬಾಕಿ. ಸುರಂಗ ಮುಗಿಯುವವರೆಗೆ ಬಂಡವಾಳ ಹೂಡಿದವರು ಸುಮ್ಮನಿರುವುದಿಲ್ಲವಲ್ಲ. ಹಾಗಾಗಿ ಗುಡ್ಡದ ಮೇಲೆ ಕಬ್ಬಿಣದ ಹಳಿ ಹಾಸಿ, ಗುಡ್ಡದ ಈ ಬದಿಯಲ್ಲಿ ದೋಣಿಯ ಸರಕನ್ನೆಲ್ಲ ಇಳಿಸಿ, ಕುದುರೆ ಎಳೆಯುವ ಬಂಡಿಗಳಿಗೆ ತುಂಬಿ, ಗುಡ್ಡ ದಾಟಿಸಿ, ಆ ಬದಿಯಲ್ಲಿ ಮತ್ತೆ ಬೇರೆ ದೋಣಿಗೆ ತುಂಬಿದರು. ಐದು ವರ್ಷ ಹೀಗೆಯೇ ನಡೆಯಿತು. ಸುರಂಗ ತೆರೆದದ್ದು 1805ರ ಮಾರ್ಚ್ 25ರಂದು. ನಮ್ಮ ಕಡೆಯ ಓದುಗರಿಗೆ ಒಂದು ಅಳತೆ ಕೊಡುವುದಾದರೆ, ಕೃಷ್ಣರಾಜಸಾಗರದ ನೀರನ್ನು ಮಂಡ್ಯದ ಕಡೆಗೆ ಒಯ್ಯುವ ವಿಶ್ವೇಶ್ವರಯ್ಯ ನಾಲೆ, ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದುದು, ಹುಲಿಕೆರೆಯ ಬಳಿ ಇಂಥದ್ದೇ ಉದ್ದನೆಯ ಸುರಂಗವೊಂದರಲ್ಲಿ ಹೊಕ್ಕು ಹೊರಡುತ್ತದೆ. ಎರಡಕ್ಕೂ ನಡುವೆ ಒಂದು ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಹುಲಿಕೆರೆಯಲ್ಲಿ ನೀರು ತಾನಾಗಿ ಹರಿದುಹೋಗುತ್ತದೆ, ಅದರ ಹಿಂದೆ ಯಾರೂ ಹೋಗಬೇಕಾಗಿಲ್ಲ. ಬ್ಲಿಸ್‌ವರ್ತ್‌ನಲ್ಲಿ ನೀರು ನಿಂತೇ ಇರುತ್ತದೆ. ಅದರ ಮೇಲೆ ಇಪ್ಪತ್ತೈದು ಟನ್ ಕಲ್ಲಿದ್ದಲನ್ನು ಮನುಷ್ಯ ತಳ್ಳಿಕೊಂಡು ಹೋಗಬೇಕಾಗಿತ್ತು.

ತಳ್ಳುತ್ತಿದ್ದುದಾದರೂ ಹೇಗೆ? ಸುರಂಗದ ಬಾಯಿಗೆ ಬಂದೊಡನೆ ಕುದುರೆಯನ್ನು ಬಿಚ್ಚಿ, ಗುಡ್ಡದ ಮೇಲಿನ ದಾರಿಯಲ್ಲಿ ಹುಡುಗನೊಬ್ಬ ನಡೆಸಿಕೊಂಡು ಹೋಗುತ್ತಿದ್ದ. ಆ ದಾರಿಗೆ ಈಗಲೂ ದೋಣಿ ಕುದುರೆಯ ರಸ್ತೆ ಎಂದೇ ಹೆಸರು. ಇತ್ತ ದೋಣಿಯ ಮೂತಿಯ ಮೇಲೆ ಅಡ್ಡಲಾಗಿ ಹಲಗೆ ಇಟ್ಟು, ಎರಡು ಕಡೆಗೂ ಒಬ್ಬೊಬ್ಬ ಆಳು ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು, ಗೋಡೆಯ ಮೇಲೆಯೇ ಹೆಜ್ಜೆ ಹಾಕುತ್ತ ಕತ್ತಲೆಯಲ್ಲಿ ದೋಣಿಯನ್ನು ಮುಂದೂಡುತ್ತಿದ್ದ. ಇವರನ್ನು ಲೆಗ್ಗರ್ ಎನ್ನುತ್ತಿದ್ದರು. ಕಾಲಿನ ಕೂಲಿಗಳು ಎಂದರೆ ನಮಗೆ ಅರ್ಥವಾದೀತು. ಕೆಲಸ ಸಿಗುವವರೆಗೆ ಅವರು ಕಾಯುತ್ತಿದ್ದ ಸಣ್ಣ ಇಟ್ಟಿಗೆ ಕೋಣೆ ದಂಡೆಯ ಮೇಲೆ ಇನ್ನೂ ಇದೆ. ನಾನು ಅದರ ಗೋಡೆಗೆ ಬೆನ್ನು ಕೊಟ್ಟು ಐದು ನಿಮಿಷ ನಿಂತೆ. ಸುರಂಗದ ಒಳಗಿನಿಂದ, ಕಮಾನಿನ ಸಂದುಗಳಲ್ಲಿ ಜಿನುಗಿ ಕೆಳಗೆ ಬೀಳುವ ಹನಿಗಳ ಸದ್ದು, ಒಂದು ಬಿದ್ದು ಅದು ಅಡಗುವ ಮೊದಲೇ ಇನ್ನೊಂದು ಬೀಳುವ ಲೆಕ್ಕದಲ್ಲಿ, ಕೇಳುತ್ತಲೇ ಇತ್ತು.

ಉಗಿಯಂತ್ರ ಬಂದ ಮೇಲೆ ಕಷ್ಟ ಕಡಿಮೆಯಾಯಿತೆಂದು ಹೇಳುವುದು ಸುಲಭ, ಆದರೆ ಅಷ್ಟು ಸರಳವಾಗಿರಲಿಲ್ಲ. 1861ರಲ್ಲಿ ಬೀ ಎಂಬ ಉಗಿದೋಣಿ ಸುರಂಗದೊಳಗೆ ಹೋದಾಗ ಹೊಗೆ ಕಟ್ಟಿಕೊಂಡು ಇಬ್ಬರು ಉಸಿರುಗಟ್ಟಿ ಸತ್ತರು; ಆಮೇಲೆ ಗಾಳಿಗಾಗಿ ಮೇಲಿನಿಂದ ಬಾವಿಗಳಂಥ ಕಂಡಿಗಳನ್ನು ಹೆಚ್ಚಾಗಿ ಕೊರೆದರು. ಹೊಲಗಳ ನಡುವೆ ಇಟ್ಟಿಗೆಯ ದುಂಡನೆಯ ಗೋಪುರಗಳಂತೆ ಅವುಗಳ ಬಾಯಿ ಇಂದಿಗೂ ಕಾಣುತ್ತದೆ. 1871ರಿಂದ 1936ರವರೆಗೆ ಉಗಿ ಟಗ್ಗುಗಳು ದೋಣಿಗಳ ಸಾಲನ್ನೇ ಎಳೆದೊಯ್ಯುತ್ತಿದ್ದವು. 1980ರ ಸುಮಾರಿಗೆ ಒಳಗೋಡೆ ಉಬ್ಬಿ ಅಪಾಯಕ್ಕೆ ಬಂದು, ಸುರಂಗವನ್ನು ಮುಚ್ಚಿ, ನಡುವಿನ ಭಾಗಕ್ಕೆ ಕಾಂಕ್ರೀಟಿನ ಉಂಗುರಗಳನ್ನು ಜೋಡಿಸಿ 1984ರಲ್ಲಿ ಮತ್ತೆ ತೆರೆದರು. ಅಂಥದ್ದೊಂದು ಇಡೀ ಉಂಗುರವನ್ನು ಸುರಂಗದ ಬಾಯಿಯ ಪಕ್ಕದಲ್ಲೇ ನಿಲ್ಲಿಸಿದ್ದಾರೆ. ಮೊಮ್ಮಗ ಅದರೊಳಗೆ ನಿಂತು ಕೈ ಚಾಚಿದ. ಗೋಡೆ ಎಲ್ಲಿಗೂ ಎಟುಕಲಿಲ್ಲ. ಗುಡ್ಡದೊಳಗಿನ ಒಂದು ಕೆಲಸದ ಗಾತ್ರವನ್ನು ಹೊರಗೆ ಬೆಳಕಿನಲ್ಲಿ ಹೀಗೆ ತಂದಿಟ್ಟು ತೋರಿಸಿದ್ದು ಯಾರ ಯೋಚನೆಯೋ, ಅವರಿಗೆ ನನ್ನ ನಮಸ್ಕಾರ. ನಡೆಯಲಾಗದವರಿಗೆ ಊರಿನಿಂದ ಸುರಂಗದ ಕಡೆಗೆ ಹೋಗಿಬರುವ ಪ್ರವಾಸಿ ದೋಣಿಗಳಿವೆ. ಆದರೆ ಮಂಡಿ ಚೆನ್ನಾಗಿರುವವರು ನಡೆದೇ ಹೋಗಬೇಕು.

ಸುರಂಗದಿಂದ ಹಿಂದಿರುಗಿ ಊರಿನ ಸೇತುವೆ ದಾಟಿದರೆ ಲಾಕ್‌ಗಳ ಸಾಲು ಆರಂಭ. ಇಲ್ಲಿಂದ ದಕ್ಷಿಣಕ್ಕೆ ಟೋವ್ ನದಿಯ ಬಯಲಿನವರೆಗೆ ಏಳು ಲಾಕ್‌ಗಳಿದ್ದು, ಒಟ್ಟು ಸುಮಾರು 17 ಮೀಟರ್ ಇಳಿಜಾರನ್ನು ದೋಣಿಗಳು ಮೆಟ್ಟಿಲಿಳಿದಂತೆ ಇಳಿಯುತ್ತವೆ. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ಒಂದು ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಬಾಗಿಲಿನಲ್ಲಿರುವ ಸಣ್ಣ ತೂಬುಗಳನ್ನು ಎತ್ತಿ ನೀರು ಬಿಟ್ಟರೆ ತೊಟ್ಟಿಯ ನೀರಿನ ಜೊತೆಗೆ ದೋಣಿಯೂ ಇಳಿಯುತ್ತದೆ ಅಥವಾ ಏರುತ್ತದೆ. ಈ ತೂಬಿಗೆ ಅವರು ಪ್ಯಾಡಲ್ ಎನ್ನುತ್ತಾರೆ. ಅದನ್ನು ಎತ್ತುವ ಮೊಣಕೈಯಾಕಾರದ ಕಬ್ಬಿಣದ ಹಿಡಿಕೆಗೆ ವಿಂಡ್‌ಲಾಸ್. ಬಾಗಿಲಿನ ಎರಡು ರೆಕ್ಕೆಗಳು ಮುಚ್ಚಿದಾಗ ನೇರವಾಗಿ ನಿಲ್ಲದೆ, ಮೇಲಿನ ನೀರಿನ ಕಡೆಗೆ ಚೂಪಾಗಿ ಕೂಡಿಕೊಳ್ಳುತ್ತವೆ. ನೀರು ಒತ್ತಿದಷ್ಟೂ ಬಾಗಿಲು ಬಿಗಿಯಾಗುತ್ತದೆ. ನೀರು ಎರಡೂ ಕಡೆ ಸಮವಾಗುವವರೆಗೆ ಆನೆ ಬಂದು ನೂಕಿದರೂ ಅದು ಜಗ್ಗುವುದಿಲ್ಲ. ಸಮವಾದ ಮೇಲೆ ಒಂದು ಮಗು ನೂಕಿದರೂ ತೆರೆಯುತ್ತದೆ.

ಇದನ್ನು ನಾನು ಮೊಮ್ಮಗನಿಗೆ ಬಾಯಲ್ಲಿ ವಿವರಿಸಿದೆ. ಅವನು ನಂಬಲಿಲ್ಲ. ಅಷ್ಟರಲ್ಲಿ ಕೆಂಪು ಬಣ್ಣದ ದೋಣಿಯೊಂದು ಕೆಳಗಿನಿಂದ ಬಂದು ತೊಟ್ಟಿ ಹೊಕ್ಕಿತು. ಲಾಕ್ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು, ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬೇಕು, ಹುಡುಗನನ್ನು ಕರೆದು ಬಾಗಿಲಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. "ಈಗಲೇ ನೂಕಬೇಡ, ನೀರನ್ನು ನೋಡುತ್ತಿರು" ಎಂದರು. ಒಳಗೆ ನೀರು ಬುಗ್ಗೆಯೆದ್ದು, ದೋಣಿ ಕಂಡೂ ಕಾಣದ ಹಾಗೆ ಮೇಲೇರಿ, ಸುಳಿಗಳೆಲ್ಲ ಅಡಗಿ ನೀರು ಕನ್ನಡಿಯಾಯಿತು. ಹುಡುಗ ಕಾಲೂರಿ ಬೆನ್ನಿನಿಂದ ನೂಕಿದ. ಮೊದಲು ಏನೂ ಆಗಲಿಲ್ಲ; ಆಮೇಲೆ ತೊಲೆ ಒಂದಂಗುಲ, ಎರಡಂಗುಲ ಸರಿದು, ತಾನೇ ಮನಸ್ಸು ಮಾಡಿದಂತೆ ನಿಧಾನಕ್ಕೆ ತಿರುಗಿಕೊಂಡಿತು. "ತಾತ, ನಾನೇ ತೆಗೆದೆ!" ಎಂದು ಅವನು ಕೂಗಿದ್ದು ಎದುರು ದಡದಲ್ಲಿ ಬಿಯರು ಕುಡಿಯುತ್ತಿದ್ದವರಿಗೂ ಕೇಳಿಸಿ, ಅವರು ಕನ್ನಡ ತಿಳಿಯದೆಯೂ ಚಪ್ಪಾಳೆ ತಟ್ಟಿದರು.

ಸ್ವಯಂಸೇವಕರು ನನ್ನ ಕಡೆ ತಿರುಗಿ ನಮ್ಮ ಊರಿನಲ್ಲಿ ಕಾಲುವೆ ಉಂಟೇ ಎಂದು ವಿಚಾರಿಸಿದರು. ಉಂಟು, ದೋಣಿ ಮಾತ್ರ ಇಲ್ಲ ಎಂದೆ. ಹಾಗಾದರೆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದರು. ಭತ್ತಕ್ಕೆ, ಕಬ್ಬಿಗೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಿಮ್ಮದು ಖರ್ಚಾಗುವ ನೀರು, ನಮ್ಮದು ಕೆಳಗಿಳಿಯುವ ನೀರು" ಎಂದು ನಕ್ಕರು.

ಆ ಮಾತು ನನ್ನ ತಲೆಯಲ್ಲಿ ಉಳಿದು ಲೆಕ್ಕಕ್ಕೆ ಕೂರಿಸಿತು. ಇಲ್ಲಿಯ ಲಾಕ್‌ಗಳು ಎರಡು ದೋಣಿಗಳು ಪಕ್ಕಪಕ್ಕದಲ್ಲಿ ನಿಲ್ಲುವಷ್ಟು ಅಗಲ; ಸುಮಾರು 22 ಮೀಟರ್ ಉದ್ದ, 4.3 ಮೀಟರ್ ಅಗಲ, ಪ್ರತಿ ಲಾಕಿನಲ್ಲಿ ಇಳಿತ ಸರಾಸರಿ 2.4 ಮೀಟರ್ ಎಂದು ಹಿಡಿದರೆ, ಒಂದು ಸಲ ಬಾಗಿಲು ತೆಗೆದು ಹಾಕುವಷ್ಟರಲ್ಲಿ ಎರಡು ಲಕ್ಷ ಇಪ್ಪತ್ತೈದು ಸಾವಿರ ಲೀಟರಿಗೂ ಮೇಲ್ಪಟ್ಟು ನೀರು ಒಂದು ಮೆಟ್ಟಿಲು ಕೆಳಗಿಳಿದುಹೋಗುತ್ತದೆ. ಮೇಲಿನ ಮಟ್ಟಕ್ಕೆ ಆ ನೀರನ್ನು ಎಲ್ಲಿಂದಲಾದರೂ ಮತ್ತೆ ತುಂಬಿಸಬೇಕು. ಎರಡು ದೋಣಿ ಜೊತೆಯಾಗಿ ಹೋದರೆ ಸರಿ. ಒಂಟಿ ದೋಣಿ ಬಂದರೂ ಅಷ್ಟೇ ನೀರು ಖರ್ಚು. ಈ ಪೋಲನ್ನು ತಪ್ಪಿಸಲು 1830ರ ದಶಕದಲ್ಲಿ ಇದೇ ಏಳು ಲಾಕ್‌ಗಳ ಪಕ್ಕದಲ್ಲಿ ಒಂದೊಂದು ಕಿರಿದಾದ ಲಾಕನ್ನು ಜೋಡಿಸಿ ಕಟ್ಟಿದರು, ಒಂಟಿ ದೋಣಿ ಅರ್ಧ ನೀರಿನಲ್ಲಿ ದಾಟಲಿ ಎಂದು. ಊರಿನ ಸೇತುವೆಗೆ ಎರಡು ಕಮಾನುಗಳಿರುವುದಕ್ಕೆ ಇದೇ ಕಾರಣ. ಕಿರಿದಾದ ಲಾಕ್‌ಗಳು ಮುಂದೆ ಬಳಕೆ ತಪ್ಪಿದವು, ಆದರೆ ಕಮಾನು ಮಾತ್ರ ಹಾಗೆಯೇ ಉಳಿದಿದೆ. ಸೇತುವೆಯ ಫೋಟೋ ತೆಗೆಯುವವರನ್ನು ನಾನು ಮೂರು ದಿನವೂ ಕಂಡೆ. ಎರಡನೆಯ ಕಮಾನು ಏಕೆ ಎಂದು ಕೇಳಿದವರನ್ನು ಕಾಣಲಿಲ್ಲ.

ಬಳಕೆ ತಪ್ಪಿದ ಆ ಕಿರಿದಾದ ತೊಟ್ಟಿಯೊಂದರಲ್ಲಿ, ಸಂಗ್ರಹಾಲಯದ ಎದುರಿಗೇ, ವಿಚಿತ್ರವಾದ ಕಬ್ಬಿಣದ ಚೌಕಟ್ಟೊಂದು ನಿಂತಿದೆ. ಅದು ದೋಣಿ ತೂಗುವ ತಕ್ಕಡಿ. ವೇಲ್ಸ್‌ನ ಗ್ಲಾಮಾರ್ಗನ್‌ಶೈರ್ ಕಾಲುವೆಯಲ್ಲಿದ್ದದ್ದನ್ನು ಇಲ್ಲಿಗೆ ತಂದಿಟ್ಟಿದ್ದಾರೆ. ತೊಟ್ಟಿಯಿಂದ ನೀರು ಬಸಿದರೆ ದೋಣಿ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ ಕೂರುತ್ತದೆ, ಸರಕಿನ ತೂಕ ತಿಳಿಯುತ್ತದೆ, ಸುಂಕ ವಸೂಲಾಗುತ್ತದೆ. ಹೆಚ್ಚಿನ ಕಾಲುವೆಗಳಲ್ಲಿ ಇಷ್ಟು ದೊಡ್ಡ ಏರ್ಪಾಡು ಇರಲಿಲ್ಲ. ಸುಂಕದ ಗುಮಾಸ್ತ ಅಳತೆಕೋಲು ಹಿಡಿದು ಬಂದು, ದೋಣಿಯ ಅಂಚಿನಿಂದ ನೀರಿನವರೆಗೆ ನಾಲ್ಕು ಕಡೆ ಅಳೆದು, ಎಷ್ಟು ಮುಳುಗಿದೆಯೋ ಅಷ್ಟು ಟನ್ ಎಂದು ಪಟ್ಟಿ ನೋಡಿ ಬರೆದುಕೊಳ್ಳುತ್ತಿದ್ದ. ಆಲೆಮನೆಗೆ ಕಬ್ಬು ಹಾಕಿ ತೂಕದವನ ಮುಖವನ್ನೇ ನೋಡುತ್ತ ನಿಂತವರಿಗೆ ಈ ಕೋಲಿನ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ನೋಡಿಕೊಂಡು ಗಿರಣಿಯೊಳಗೆ ಹೋಗಬೇಕು. ಸಂಗ್ರಹಾಲಯ ತೆರೆದದ್ದು 1963ರಲ್ಲಿ. ಆ ವರ್ಷಕ್ಕೆ ಒಂದು ಅರ್ಥವಿದೆ. 1962ರ ಡಿಸೆಂಬರ್ ಕೊನೆಯಿಂದ ಮುಂದಿನ ಮಾರ್ಚ್‌ವರೆಗೆ ಇಂಗ್ಲೆಂಡಿನ ಕಾಲುವೆಗಳು ಹೆಪ್ಪುಗಟ್ಟಿ, ದೋಣಿಗಳು ಇದ್ದಲ್ಲೇ ಸಿಕ್ಕಿಬಿದ್ದು, ಸರಕು ಕೊಡುತ್ತಿದ್ದವರು ಲಾರಿಗಳ ಕಡೆಗೆ ತಿರುಗಿದರು. ಮೊದಲೇ ಕ್ಷೀಣಿಸಿದ್ದ ದೋಣಿ ಸಾಗಾಟಕ್ಕೆ ಅದು ಕೊನೆಯ ಪೆಟ್ಟಾಯಿತು. ಬದುಕು ಮುಗಿಯುತ್ತಿದ್ದ ವರ್ಷವೇ ಅದರ ಸಂಗ್ರಹಾಲಯ ಬಾಗಿಲು ತೆರೆಯಿತು. ಇದಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯನಾದವನು ಜಾಕ್ ಜೇಮ್ಸ್, ತಾನೇ ದೋಣಿಯಲ್ಲಿ ಬಾಳಿ, ಇಲ್ಲಿಯೇ ಲಾಕ್ ಕಾಯುವವನಾಗಿದ್ದವನು. ಜನ ಎಸೆಯುತ್ತಿದ್ದ ದೋಣಿ ಸಾಮಾನುಗಳನ್ನು ಅವನು ಕೂಡಿಟ್ಟದ್ದರಿಂದ ಈ ಸಂಗ್ರಹ ಆರಂಭವಾಯಿತು. ಇಂದು ಇದನ್ನು ನಡೆಸುವುದು ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ. ಸಂಗ್ರಹಾಲಯ ದೊಡ್ಡದಲ್ಲ, ಒಂದೂವರೆ ಗಂಟೆಯಲ್ಲಿ ಸಾವಕಾಶವಾಗಿ ನೋಡಬಹುದು. ಲಂಡನ್ನಿನ ಸಂಗ್ರಹಾಲಯಗಳ ಗಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ನಿರಾಸೆಯಾದೀತು.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ದೋಣಿಯ ಹಿಂಬದಿಯ ಕೋಣೆಯ ಮುಂದೆ. ಇಡೀ ದೋಣಿ ಎಪ್ಪತ್ತು ಅಡಿಗೂ ಹೆಚ್ಚು ಉದ್ದವಿದ್ದರೂ ಅಷ್ಟೂ ಸರಕಿಗೆ ಮೀಸಲು. ಸಂಸಾರಕ್ಕೆ ಉಳಿಯುತ್ತಿದ್ದುದು ಹಿಂದಿನ ಸುಮಾರು ಹತ್ತು ಅಡಿ ಉದ್ದ, ಏಳು ಅಡಿಗೂ ಕಡಿಮೆ ಅಗಲದ ಪೆಟ್ಟಿಗೆ. ಒಳಗೆ ಬಂದೊಡನೆ ಎಡಕ್ಕೆ ಕಲ್ಲಿದ್ದಲಿನ ಒಲೆ. ಅದರ ಪಕ್ಕದ ಕಪಾಟಿನ ಬಾಗಿಲನ್ನು ಕೆಳಗೆ ಮಡಚಿದರೆ ಅದೇ ಊಟದ ಮೇಜು. ಬದಿಯ ಬೆಂಚು ಹಗಲು ಕೂರಲು, ರಾತ್ರಿ ಮಕ್ಕಳು ಮಲಗಲು. ಕೊನೆಯಲ್ಲಿ ಅಡ್ಡಲಾಗಿ ಬಿಚ್ಚಿಕೊಳ್ಳುವ ಹಾಸಿಗೆ ಗಂಡಹೆಂಡತಿಯದು. ಹಗಲಲ್ಲಿ ಅದನ್ನು ಗೋಡೆಯೊಳಗೆ ಮಡಚಿ, ಮುಂದೆ ಕಸೂತಿಯ ಪರದೆ ಇಳಿಬಿಡುತ್ತಿದ್ದರು. ಗೋಡೆಯ ತುಂಬ ಅಂಚಿಗೆ ಜಾಲರಿ ಕೊರೆದ ಪಿಂಗಾಣಿ ತಟ್ಟೆಗಳು, ಹಿತ್ತಾಳೆ ಗುಂಡಿಗಳು. ಬಟ್ಟಲು, ಬಟ್ಟೆ, ಉಪ್ಪು, ಮೇಣದ ಬತ್ತಿ, ಪ್ರತಿಯೊಂದಕ್ಕೂ ಅದರದೇ ಮೂಲೆ. ನನ್ನ ಹೆಂಡತಿ ಅದನ್ನು ನೋಡಿ, "ಇದಕ್ಕೆ ಹೋಲಿಸಿದರೆ ನಮ್ಮ ಇಲಾಖೆ ಕ್ವಾರ್ಟರ್ಸು ಅರಮನೆ ಕಣ್ರೀ" ಎಂದಳು. ಆಮೇಲೆ ಒಲೆಯನ್ನು ಬಹಳ ಹೊತ್ತು ನೋಡುತ್ತ ನಿಂತು, "ಬೇಸಗೇಲಿ ಇದರ ಪಕ್ಕ ಮಲಗೋದು ಹೇಗೆ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಪೆಟ್ಟಿಗೆಯೊಳಗೆ ಸಂಸಾರಗಳು ಬಂದು ಸೇರಿದ್ದು ಇಷ್ಟಪಟ್ಟಲ್ಲ. ಲಂಡನ್–ಬರ್ಮಿಂಗ್‌ಹ್ಯಾಮ್ ರೈಲು 1838ರಲ್ಲಿ ಓಡತೊಡಗಿದ ಮೇಲೆ ಕಾಲುವೆಯ ದರ ಇಳಿಯಿತು, ದೋಣಿಯವನ ಗಳಿಕೆಯೂ ಇಳಿಯಿತು. ದಡದ ಮೇಲಿನ ಮನೆಗೆ ಬಾಡಿಗೆ ಕಟ್ಟಲಾರದೆ, ಆಳಿಗೆ ಕೂಲಿ ಕೊಡಲಾರದೆ, ಹೆಂಡತಿ ಮಕ್ಕಳೇ ದೋಣಿಯ ಆಳುಗಳಾದರು. ಮಕ್ಕಳಿಗೆ ಶಾಲೆ ಇಲ್ಲ, ಏಕೆಂದರೆ ಇವತ್ತು ಇದ್ದ ಊರಿನಲ್ಲಿ ನಾಳೆ ಇಲ್ಲ. ಜಾರ್ಜ್ ಸ್ಮಿತ್ ಎಂಬವನು ಇದರ ವಿರುದ್ಧ ಹೋರಾಡಿದ್ದರಿಂದ 1877ರಲ್ಲಿ ದೋಣಿಗಳನ್ನು ವಾಸದ ಮನೆಗಳಂತೆ ನೋಂದಾಯಿಸಿ, ಒಳಗೆ ಎಷ್ಟು ಜನ ಮಲಗಬಹುದೆಂದು ಗೊತ್ತುಮಾಡುವ ಕಾಯ್ದೆ ಬಂದಿತು, 1884ರಲ್ಲಿ ತಿದ್ದುಪಡಿಯಾಯಿತು. ನಮ್ಮ ಕಬ್ಬು ಕಡಿಯುವ ಗುಂಪುಗಳ ಮಕ್ಕಳ ಶಾಲೆಯ ಪ್ರಶ್ನೆಯನ್ನು ಬಲ್ಲವರು ಈ ಭಾಗವನ್ನು ಸುಮ್ಮನೆ ದಾಟಿಹೋಗಲಾರರು.

ಇನ್ನು ಬಣ್ಣ. ನೀರಿನ ಕ್ಯಾನು, ಬೋಗುಣಿ, ಸ್ಟೂಲು, ಕಪಾಟಿನ ಬಾಗಿಲು, ಕೊನೆಗೆ ಚುಕ್ಕಾಣಿಯ ಮೇಲೂ ಗುಲಾಬಿ ಹೂಗಳು ಮತ್ತು ಕೋಟೆಗಳು. ದಟ್ಟ ಹಸಿರು ಅಥವಾ ಕಪ್ಪು ನೆಲೆಯ ಮೇಲೆ ಒಂದೊಂದು ಎಸಳೂ ಕುಂಚದ ಒಂದೇ ಒತ್ತಿಗೆ ಮೂಡಿದ್ದು. ಈ ನೀರಿನ ಕ್ಯಾನಿಗೆ ಬಕ್‌ಬಿ ಕ್ಯಾನು ಎಂದು ಹೆಸರು. ಇದೇ ಕಾಲುವೆಯ ಮೇಲೆ ಉತ್ತರಕ್ಕಿರುವ ಲಾಂಗ್ ಬಕ್‌ಬಿ ಎಂಬ ಊರಿನಿಂದ ಬಂದದ್ದು. ಯಾವ ಊರೂ ತಮ್ಮದಲ್ಲದ ಜನ, ಕೋಟೆ ಕೊತ್ತಲಗಳನ್ನು ನೀರಿನ ಪಾತ್ರೆಯ ಮೇಲೆ ಬರೆದುಕೊಂಡರು. ನಮ್ಮ ಲಾರಿಗಳ ಹಿಂಬದಿಯಲ್ಲಿ ಹಿಮದ ಬೆಟ್ಟ, ಹಂಸ, ಕಮಲಗಳನ್ನು ಬರೆಸುವ ಚಾಲಕರಿಗೂ ಇವರಿಗೂ ಹೆಚ್ಚು ದೂರವಿಲ್ಲ ಎಂದು ನನಗನಿಸಿತು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಈ ಬಣ್ಣಗಳು ಬಹಳ ಬೇಗ ಕಣ್ಣನ್ನು ಸೆಳೆದುಕೊಂಡು, ಏಳಡಿ ಪೆಟ್ಟಿಗೆಯ ಬದುಕನ್ನು ಸುಂದರವೆಂದು ನಂಬಿಸಿಬಿಡುತ್ತವೆ. ಅದಕ್ಕಾಗಿಯೇ ಸುರಂಗದ ಹನಿಗಳ ಸದ್ದನ್ನು ಮೊದಲು ಕೇಳಿಕೊಂಡು ಬರಬೇಕೆಂದದ್ದು.

ಅದೇ ಬದುಕಿನ ಇನ್ನೊಂದು ಮಗ್ಗುಲನ್ನು ತಿಳಿಯಬೇಕಾದರೆ ಸಿಸ್ಟರ್ ಮೇರಿ ವಾರ್ಡ್ ಅವರ ಕಥೆಯ ಮುಂದೆ ನಿಲ್ಲಬೇಕು. ಹಗ್ಗ ಮಾಡುವವರ ಮನೆಯಲ್ಲಿ ಹುಟ್ಟಿದ ಈ ದಾದಿ, ಕಾಲುವೆಯ ದಡದ ತಮ್ಮ ಮನೆಯಲ್ಲೇ ದೋಣಿಯವರಿಗೆ ಔಷಧೋಪಚಾರ ಮಾಡಿದರು. ಊರೇ ಇಲ್ಲದವರಿಗೆ ಊರಿನ ವೈದ್ಯ ಎಲ್ಲಿಂದ ಬರಬೇಕು? ಸುಟ್ಟ ಗಾಯ, ಹೆರಿಗೆ, ಎಳೆಗೂಸಿನ ಜ್ವರ ಎಲ್ಲವೂ ಸ್ಟೋಕ್ ಬ್ರೂಯರ್ನ್ ಬರುವವರೆಗೆ ಕಾಯುತ್ತಿದ್ದವು. ಸರ್ಕಾರ 1951ರಲ್ಲಿ ಅವರಿಗೆ ಬ್ರಿಟಿಷ್ ಎಂಪೈರ್ ಪದಕ ಕೊಟ್ಟಿತು. ಅವರು ಕೆಲಸದಿಂದ ನಿವೃತ್ತರಾದದ್ದು 1962ರಲ್ಲಿ, ಅಂದರೆ ದೋಣಿಯವರ ಕಾಲ ಮುಗಿಯುವ ಹೊತ್ತಿಗೆ ಸರಿಯಾಗಿ.

ಇನ್ನು ಹೋಗಿಬರುವ ವಿಚಾರ. ಊರಿಗೆ ರೈಲು ನಿಲ್ದಾಣವಿಲ್ಲ. ಕಾರಿಲ್ಲದವರು ನಾರ್ಥಾಂಪ್ಟನ್ ಅಥವಾ ಮಿಲ್ಟನ್ ಕೀನ್ಸ್‌ವರೆಗೆ ರೈಲಿನಲ್ಲಿ ಬಂದು ಟ್ಯಾಕ್ಸಿ ಹಿಡಿಯುವುದು ಮೇಲು; ಆದರೆ ಹಿಂದಿರುಗುವ ಟ್ಯಾಕ್ಸಿಯನ್ನೂ ಮೊದಲೇ ಖಾತ್ರಿ ಮಾಡಿಕೊಳ್ಳಬೇಕು. ಮೂರನೆಯ ಸಲ ಮಗಳಿಗೆ ರಜೆ ಇಲ್ಲದ್ದರಿಂದ ನಾವಿಬ್ಬರೇ ಹೋಗಿದ್ದಾಗ, ಐದು ಗಂಟೆಗೆ ಬರುತ್ತೇನೆಂದ ಟ್ಯಾಕ್ಸಿ ಆರೂವರೆಯಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಬೇಸಿಗೆಯ ಸಂಜೆ ಒಂಬತ್ತರವರೆಗೆ ಬೆಳಕಿರುವ ದೇಶವಾದ್ದರಿಂದ ಬಾತುಕೋಳಿಗಳನ್ನು ಎಣಿಸುತ್ತ ಕಾಲ ಕಳೆದೆವು. ಕಾರು ನಿಲ್ಲಿಸಲು ಸಂಗ್ರಹಾಲಯದ ಬಳಿಯೇ ಜಾಗವಿದೆ, ಹಣ ಕೊಡಬೇಕು, ಭಾನುವಾರಗಳಂದು ಬೇಗ ತುಂಬುತ್ತದೆ. ಸಂಗ್ರಹಾಲಯದ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮೊದಲು ನೋಡಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಸುಟ್ಟ ಆಲೂಗಡ್ಡೆ, ಚೀಸ್ ಹಾಕಿದ ಬ್ರೆಡ್ಡು, ಚಹಾ, ಕೇಕು ಸಿಗುತ್ತವೆ. ನಮ್ಮವರು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ ದಂಡೆಯ ಬೆಂಚಿನ ಮೇಲೆ ಕೂರುವುದು ಉತ್ತಮ. ಹುಲ್ಲುಮಾಡಿನ ಬೋಟ್ ಇನ್ ಎಂಬ ಪಾನಗೃಹವನ್ನು 1877ರಿಂದ ಬಹುಕಾಲ ವುಡ್‌ವರ್ಡ್ ಮನೆತನ ನಡೆಸಿತು. ಕುಡಿಯದವರೂ ಅದರ ಕಲ್ಲುನೆಲದ ಹಳೆಯ ಕೋಣೆಯನ್ನು ಒಮ್ಮೆ ಇಣುಕಿ ನೋಡಬಹುದು.

ದಿನ ಇನ್ನೂ ಉಳಿದಿದ್ದರೆ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋಗಿ, ಲೆಸ್ಟರ್‌ಶೈರ್‌ನ ಫಾಕ್ಸ್‌ಟನ್ ಎಂಬಲ್ಲಿಯ ಇನ್ನೂ ಚಿಕ್ಕ ಸಂಗ್ರಹಾಲಯವನ್ನು ಸೇರಿಸಿಕೊಳ್ಳಬಹುದು. ಅಲ್ಲಿ ಐದೈದರ ಎರಡು ಗುಂಪಾಗಿ ಹತ್ತು ಲಾಕ್‌ಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿವೆ. ಅವುಗಳಲ್ಲಿ ಆಗುವ ತಡವನ್ನೂ ನೀರಿನ ಖರ್ಚನ್ನೂ ತಪ್ಪಿಸಲು 1900ರಲ್ಲಿ ಪಕ್ಕದ ಇಳಿಜಾರಿನಲ್ಲಿ ಹಳಿ ಹಾಸಿ, ನೀರು ತುಂಬಿದ ಎರಡು ದೊಡ್ಡ ತೊಟ್ಟಿಗಳನ್ನು ತಕ್ಕಡಿಯ ತಟ್ಟೆಗಳಂತೆ ಹಗ್ಗಕ್ಕೆ ಕಟ್ಟಿ, ದೋಣಿಗಳನ್ನು ತೊಟ್ಟಿಯ ಸಮೇತ ಉಗಿಯಂತ್ರದಿಂದ ಮೇಲೆ ಕೆಳಗೆ ಎಳೆದರು. ಯಂತ್ರದಲ್ಲಿ ದೋಷವಿರಲಿಲ್ಲ. ಆದರೆ ಅದೇ ಮಾರ್ಗದ ಇನ್ನೊಂದು ತುದಿಯಲ್ಲಿರುವ ವಾಟ್‌ಫೋರ್ಡ್ ಲಾಕ್‌ಗಳನ್ನು ಅಗಲ ಮಾಡದೆ ಬಿಟ್ಟದ್ದರಿಂದ ದೊಡ್ಡ ದೋಣಿಗಳು ಬರಲೇ ಇಲ್ಲ. ಬಾರದ ದೋಣಿಗಳಿಗಾಗಿ ದಿನವೂ ಬಾಯ್ಲರ್ ಉರಿಸಬೇಕಾಯಿತು. 1911ಕ್ಕೆ ಬಳಕೆ ನಿಂತು, 1928ರಲ್ಲಿ ಯಂತ್ರಗಳು ಗುಜರಿಗೆ ಹೋದವು. ಮತ್ತೆ ಕಟ್ಟಿದ ಬಾಯ್ಲರ್ ಮನೆಯೇ ಈಗಿನ ಸಂಗ್ರಹಾಲಯ. ಮುಖ್ಯ ನಾಲೆ ಮುಗಿಸಿ ವಿತರಣಾ ನಾಲೆಗೆ ಹಣ ಬಿಡುಗಡೆಯಾಗದೆ ಕುಳಿತ ಎಷ್ಟೋ ಯೋಜನೆಗಳ ಕಡತಗಳಿಗೆ ನಾನೇ ರುಜು ಹಾಕಿದ್ದೇನೆ. ಆ ಖಾಲಿ ಇಳಿಜಾರಿನ ಹುಲ್ಲಿನ ಮೇಲೆ ಕೂತಾಗ ನಗು ಬಂದಿತು, ಪೂರ್ತಿ ಸಂತೋಷದ ನಗುವಲ್ಲ. ಸ್ಟೋಕ್ ಬ್ರೂಯರ್ನ್‌ನಲ್ಲಿ ಕಾಲುವೆ ನೋಡಲು ಸಿಗುತ್ತದೆ. ಫಾಕ್ಸ್‌ಟನ್ನಿನಲ್ಲಿ ಮುಖ್ಯವಾದದ್ದು ಈಗ ಇಲ್ಲ, ಅದನ್ನು ಊಹಿಸಿಕೊಳ್ಳಬೇಕು. ಎಂಜಿನಿಯರಿಂಗ್ ಆಸಕ್ತಿ ಇಲ್ಲದವರು ಇದೊಂದನ್ನು ಬಿಟ್ಟರೂ ನಷ್ಟವಿಲ್ಲ.

ಮೂರನೆಯ ಭೇಟಿಯಲ್ಲಿ ನನ್ನ ಹೆಂಡತಿ ಗುಲಾಬಿ ಬರೆದ ಒಂದು ಪುಟ್ಟ ಬಕ್‌ಬಿ ಕ್ಯಾನನ್ನು ಕೊಂಡಳು. ಬೆಲೆಯನ್ನು ರೂಪಾಯಿಗೆ ಪರಿವರ್ತಿಸಬಾರದೆಂದು ನಾನು ಮೊದಲೇ ಒಪ್ಪಿಕೊಂಡಿದ್ದೆ. ಮಂಡ್ಯದ ಮನೆಯ ಅಡುಗೆಕೋಣೆಯಲ್ಲಿ ಈಗ ಅದರೊಳಗೆ ಎರಡು ಸೌಟು, ಒಂದು ಜಾಲರಿ, ಬೆಂಕಿಪೊಟ್ಟಣ ನಿಂತಿವೆ.